ಮಳೆಗಾಲದ ಮುಗ್ಗಲು ವಾಸನೆಗೆ ಸೆಂಟು ಮದ್ದಲ್ಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮನೆಗಳ ಕಿಟಕಿ ತೆರೆಯುವುದೇ ಅಪರೂಪ. ಒಗೆದ ಬಟ್ಟೆ ಒಳಗೇ ಒಣಗಬೇಕು, ಗೋಡೆ ಬೆವರುತ್ತದೆ, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿನ ಮೇಲೂ ಬೂಷ್ಟು ಏಳುತ್ತದೆ. ಆ ವಾಸನೆ ಮುಚ್ಚಲು ರೂಂ ಫ್ರೆಶ್‌ನರ್, ಘಮಘಮಿಸುವ ಫಿನೈಲ್, ನುಸಿ ಗುಳಿಗೆ, ಧೂಪ ಎಲ್ಲವೂ ಮನೆ ಸೇರುತ್ತವೆ. ಗಾಳಿಯೇ ಆಡದ ತಿಂಗಳುಗಳಲ್ಲಿ ಇವುಗಳ ಬಳಕೆ ಹೆಚ್ಚುವುದೇ ತೊಂದರೆಯ ಮೂಲ. ಮುಗ್ಗಲು ವಾಸನೆ ಬಂತೆಂದರೆ ಎಲ್ಲೋ ತೇವ ನಿಂತಿದೆ, ಬೂಷ್ಟು ಬೆಳೆಯುತ್ತಿದೆ ಎಂದರ್ಥ. ಅದರ ಮೇಲೆ ಸೆಂಟು ಹೊಡೆದರೆ ಬೂಷ್ಟು ಇದ್ದಲ್ಲೇ ಇರುತ್ತದೆ, ಉಸಿರಾಡುವ ಗಾಳಿ ಮಾತ್ರ ಇನ್ನಷ್ಟು ಕೆಡುತ್ತದೆ.

ಡಬ್ಬಿಯ ಮೇಲೆ ‘ಫ್ರಾಗ್ರೆನ್ಸ್’ ಅಥವಾ ‘ಪರ್ಫ್ಯೂಮ್’ ಎಂಬ ಒಂದೇ ಪದ ಇರುತ್ತದೆ. ಅದರ ಹಿಂದೆ ಹತ್ತಾರು ರಾಸಾಯನಿಕಗಳಿರಬಹುದು. ನಿಂಬೆ ಪರಿಮಳ ಕೊಡುವ ಲಿಮೊನಿನ್, ಪೈನ್ ಪರಿಮಳದ ಪೈನೀನ್ ಗಾಳಿಯಲ್ಲಿರುವ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಮತ್ತು ಅತಿಸೂಕ್ಷ್ಮ ಕಣಗಳಾಗುತ್ತವೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂಬುದು ಸ್ಥಾಪಿತ ಸಂಗತಿ. ಲಿಮೊನಿನ್ ಕಿತ್ತಳೆ ಸಿಪ್ಪೆಯಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಈ ಕ್ರಿಯೆ ಒಂದೇ. ಆದ್ದರಿಂದ ‘ನೈಸರ್ಗಿಕ ಎಣ್ಣೆ’ ಎಂದು ಬರೆದ, ಪರಿಮಳ ಹರಡುವ ಡಿಫ್ಯೂಸರ್‌ಗೂ ರಿಯಾಯಿತಿ ಇಲ್ಲ. ತಲೆನೋವು, ಕಣ್ಣುರಿ, ಗಂಟಲ ಕೆರೆತ ಬೇಗ ಕಾಣಿಸುವ ಲಕ್ಷಣಗಳು. ಆಸ್ತಮಾ ಇದ್ದವರಿಗೆ ಉಬ್ಬಸವೇ ಕೆರಳಬಹುದು. ಮೂಗು ಕೆಲವೇ ನಿಮಿಷಗಳಲ್ಲಿ ವಾಸನೆಗೆ ಒಗ್ಗಿಕೊಳ್ಳುವುದರಿಂದ ಮನೆಯವರಿಗೆ ಪರಿಮಳ ಸಾಲದು ಎನಿಸುತ್ತದೆ, ಮತ್ತೆ ಹೊಡೆಯುತ್ತಾರೆ.

ಮನೆಯ ಗಾಳಿ ಕೆಡಿಸುವವುಗಳಲ್ಲಿ ಮೊದಲು ಹೊರಹೋಗಬೇಕಾದದ್ದು ಸೊಳ್ಳೆ ಕಾಯಿಲ್. ಒಂದು ಕಾಯಿಲ್ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿನ ಹೊಗೆಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ. ಮುಚ್ಚಿದ ಮಲಗುವ ಕೋಣೆಯಲ್ಲಿ ಅದು ರಾತ್ರಿಯಿಡೀ ಉರಿಯುವುದು ಬೇಡ. ಸೊಳ್ಳೆಪರದೆ, ಕಿಟಕಿಗೆ ಜಾಲರಿ ಸಾಕು.

ಎರಡನೆಯದು ನುಸಿ ಗುಳಿಗೆ. ಕುಪ್ಯ (ಕೊಡವ ಗಂಡಸರ ಸಾಂಪ್ರದಾಯಿಕ ನಿಲುವಂಗಿ), ರೇಷ್ಮೆ ಸೀರೆ ಇಟ್ಟ ಟ್ರಂಕಿನಲ್ಲಿ ಇದು ಇಲ್ಲದ ಮನೆ ಕಡಿಮೆ. ಇದರ ನಾಫ್ತಲೀನ್ ಆವಿಯಾಗಿ ಬಟ್ಟೆಗೂ ಕೋಣೆಗೂ ಹರಡುತ್ತದೆ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಇದರಿಂದ ಆ ಕಣಗಳು ಒಡೆದು ಕಾಮಾಲೆ ಬರಬಹುದು, ಆದ್ದರಿಂದ ಕೂಸಿನ ಬಟ್ಟೆ, ಹೊದಿಕೆಗಳ ಹತ್ತಿರ ಇದು ಸುಳಿಯಲೇಬಾರದು. ಬಾತ್‌ರೂಮಿನಲ್ಲಿ ತೂಗುಹಾಕುವ ಬಿಲ್ಲೆಗಳಲ್ಲಿ ಕೆಲವು ಪ್ಯಾರಾಡೈಕ್ಲೋರೋಬೆಂಜೀನ್ ಎಂಬ ರಾಸಾಯನಿಕದವು, ಅವೂ ಇದೇ ಸಾಲಿಗೆ. ಬದಲಿಗೆ ಹೀಗೆ ಮಾಡಿ: ಬಟ್ಟೆಹುಳು ಬೆವರು, ಎಣ್ಣೆ, ಊಟದ ಕಲೆಯನ್ನೇ ಹುಡುಕಿ ಬರುವುದರಿಂದ ತೊಳೆಯದೆ ಯಾವುದನ್ನೂ ಎತ್ತಿಡಬೇಡಿ. ಏಪ್ರಿಲ್-ಮೇ ಬಿಸಿಲಿರುವಾಗಲೇ ಚೆನ್ನಾಗಿ ಒಣಗಿಸಿ, ತಣಿದ ಮೇಲೆ ಗಾಳಿಯಾಡದ ಚೀಲದಲ್ಲಿ ಹಾಕಿ. ರೇಷ್ಮೆಗೆ ನೇರ ಬಿಸಿಲು ಬೇಡ, ನೆರಳಿನ ಗಾಳಿ ಸಾಕು. ಟ್ರಂಕಿಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ಸುಮಾರು 250 ಗ್ರಾಂ ಇಡಿ. ನೀಲಿ ಬಣ್ಣದ್ದರಲ್ಲಿ ಹಾನಿಕರ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದನ್ನೇ ಕೇಳಿ ತನ್ನಿ. ಬಣ್ಣ ಬದಲಾದಾಗ 120 ಡಿಗ್ರಿಯ ಓವನ್‌ನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು.

ದೇವರ ಮುಂದಿನ ಊದುಬತ್ತಿ ಬಿಡಬೇಕೆಂದಿಲ್ಲ. ಒಂದೇ ಕಡ್ಡಿ ಹಚ್ಚಿ, ಕಿಟಕಿ ತೆರೆದಿಡಿ, ಪೂಜೆ ಮುಗಿದೊಡನೆ ಆರಿಸಿ. ಆದರೆ ಸಾಂಬ್ರಾಣಿಗೆಂದೋ ಚಳಿಗೆಂದೋ ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಇನ್ನು ತೇವದ ವಿಷಯ. ಅಂಗಡಿಯಲ್ಲಿ ಸಿಗುವ ಸಣ್ಣ ತೇವಾಂಶಮಾಪಕ ಒಂದನ್ನು ತಂದು ಮಲಗುವ ಕೋಣೆಯಲ್ಲಿಡಿ. ಶೇ 60ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ‘ಹೊರಗೆ ಮಂಜು, ಕಿಟಕಿ ತೆರೆದರೆ ತೇವ ಹೆಚ್ಚುತ್ತದೆ’ ಎಂಬ ಮಾತು ಅರ್ಧ ಮಾತ್ರ ನಿಜ. ಹೊರಗಿನ ಗಾಳಿ 18 ಡಿಗ್ರಿಯಲ್ಲಿ ಶೇ 95 ತೇವಾಂಶದಿಂದಿದ್ದರೂ ಒಳಗೆ ಬಂದು 22 ಡಿಗ್ರಿಗೆ ಬಿಸಿಯಾದಾಗ ಅದು ಶೇ 75ರ ಆಸುಪಾಸಿಗೆ ಇಳಿಯುತ್ತದೆ. ಬಟ್ಟೆ ಒಣಗುತ್ತಿರುವ ಮುಚ್ಚಿದ ಕೋಣೆಗಿಂತ ಅದು ಮೇಲು. ಮಳೆ ಬಿಡುವು ಕೊಟ್ಟಾಗ ಎದುರುಬದುರು ಕಿಟಕಿಗಳನ್ನು 10-15 ನಿಮಿಷ ಪೂರ್ತಿ ತೆರೆಯಿರಿ. ಮಂಜು ನೇರ ಒಳನುಗ್ಗುವಾಗ ಮುಚ್ಚಿಡಿ.

ತೇವ ಒಳಗಿನಿಂದಲೂ ಹುಟ್ಟುತ್ತದೆ. ಕೈಯಲ್ಲಿ ಹಿಂಡಿದ ಒಂದು ಬಕೆಟ್ ಬಟ್ಟೆಯಿಂದ ಲೀಟರ್‌ಗಟ್ಟಲೆ ನೀರು ಕೋಣೆಯ ಗಾಳಿಗೇ ಸೇರುತ್ತದೆ. ಒಂದು ಕಿಲೋ ಗ್ಯಾಸ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಬರುತ್ತದೆ. ಹಾಗಾಗಿ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ. ಒಂದು ಬದಿ ತೆರೆದಿರುವ ಚಾವಡಿಯಲ್ಲಿ ಫ್ಯಾನ್ ಹಚ್ಚಿ ಒಣಗಿಸಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನನ್ನು ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಬಿಡಿ. ನೆಲಕ್ಕೆ ನೀರು ಸುರಿದು ಒರೆಸುವುದು ಮಳೆಗಾಲದಲ್ಲಿ ಬೇಡ. ಒಂದು ಲೀಟರ್ ನೀರಿಗೆ ಒಂದು ಚಮಚ ಪರಿಮಳವಿಲ್ಲದ ಸೋಪಿನ ದ್ರವ ಹಾಕಿ, ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸಿ. ಬೀರು, ಮಂಚಗಳನ್ನು ಹೊರಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ.

ಗೋಡೆಯ ಬೂಷ್ಟನ್ನು ಒಣಗಿದಂತೆಯೇ ಗುಡಿಸಿದರೆ ಬೀಜಕಣಗಳು ಮನೆಯೆಲ್ಲ ಹಾರುತ್ತವೆ. ಎನ್95 ಮಾಸ್ಕ್, ಕೈಗವಸು ಹಾಕಿ, ಮೊದಲು ಸೋಪಿನ ನೀರು ಚಿಮುಕಿಸಿ ನೆನೆಸಿ, ಒರೆಸಿ, ಒರೆಸಿದ ಬಟ್ಟೆಯನ್ನು ಎಸೆದುಬಿಡಿ, ಆಮೇಲೆ ಫ್ಯಾನ್‌ನಿಂದ ಒಣಗಿಸಿ. ಮೇಲೆ ಪೇಂಟ್ ಬಳಿದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ. ಹೆಂಚು ಒಡೆದಿದೆಯೇ, ಗೋಡೆಯ ಬುಡದಲ್ಲಿ ನೀರು ನಿಂತಿದೆಯೇ ನೋಡಿ. ಇನ್ನೊಂದು ಮುಖ್ಯ ಎಚ್ಚರಿಕೆ: ಬ್ಲೀಚಿಂಗ್ ಪೌಡರನ್ನು ಟಾಯ್ಲೆಟ್ ಆಸಿಡ್ ಜೊತೆ ಸೇರಿಸಬೇಡಿ, ಹೊರಬರುವುದು ಕ್ಲೋರಿನ್ ವಿಷಾನಿಲ.

ಹೋಂಸ್ಟೇ ನಡೆಸುವವರು ಅತಿಥಿ ಬರುವ ಮುಂಚೆ ಸ್ಪ್ರೇ ಹೊಡೆಯುವ ಬದಲು ಎರಡು ಗಂಟೆ ಮುಂಚಿತವಾಗಿ ಕೋಣೆಗೆ ಗಾಳಿ ಬಿಡಿ, ಕಂಬಳಿ ಬಿಚ್ಚಿ ಹರಡಿ, ಫ್ಯಾನ್ ಓಡಿಸಿ. ಖಾಲಿ ಕೋಣೆಯ ಬೀರುಗಳ ಬಾಗಿಲು ಯಾವಾಗಲೂ ತೆರೆದೇ ಇರಲಿ.

ಪರಿಮಳವೇ ತೊಂದರೆ ಕೊಡುತ್ತಿದೆಯೇ ಎಂದು ಪರೀಕ್ಷಿಸಬೇಕೆಂದರೆ ಎಲ್ಲ ಸೆಂಟು ಸಾಮಾನುಗಳನ್ನು ಒಂದೇ ಬಾರಿ ಮನೆಯಿಂದ ಹೊರಗಿಡಿ. ಎರಡು ವಾರ ಕೆಮ್ಮು, ತಲೆನೋವು, ಇನ್‌ಹೇಲರ್ ಬಳಕೆ ಎಷ್ಟಿತ್ತೆಂದು ದಿನವೂ ಬರೆದಿಡಿ. ಆಮೇಲೆ ಒಂದೊಂದನ್ನೇ ಮರಳಿ ತಂದು, ಮೂರು-ನಾಲ್ಕು ದಿನ ನೋಡಿ. ಆಸ್ತಮಾ ತೀವ್ರವಾಗಿರುವವರು ಮರಳಿ ತರುವ ಹಂತ ಬಿಟ್ಟುಬಿಡಿ. ಎರಡು ವಾರಕ್ಕೂ ಉಬ್ಬಸ ಇಳಿಯದಿದ್ದರೆ ಆ ಬರಹವನ್ನೂ ಬಳಸುತ್ತಿದ್ದ ಡಬ್ಬಿಗಳ ಫೋಟೊವನ್ನೂ ತೆಗೆದುಕೊಂಡು ವೈದ್ಯರ ಬಳಿ ಹೋಗಿ.