ಯೊಸೆಮಿಟಿಗೆ ಹೊರಟಿದ್ದೀರಾ? ಅಪ್ಪೆಮಿಡಿಯೂ ಡಬ್ಬಿಗೇ ಹೋಗಬೇಕು

ಶಿರಸಿಯ ನಮ್ಮ ಮನೇಲಿ ಬೆಕ್ಕಿಗೆ ಸಿಗಬಾರದು ಅಂತ ಬೆಣ್ಣೆ ಗಡಿಗೆಯನ್ನು ನೆಲುವಿನಲ್ಲಿ ಇಡುತ್ತಿದ್ದರು. ಆ ಉಪಾಯ ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ನಡೆಯುವುದಿಲ್ಲ. ಊಟದ ಚೀಲವನ್ನು ಮರಕ್ಕೆ ತೂಗುಹಾಕುವುದು ಅಲ್ಲಿ ಕಾನೂನಿಗೇ ವಿರುದ್ಧ. ಕರಡಿ ಮರ ಹತ್ತುತ್ತದೆ, ಹಗ್ಗ ಕಡಿಯುತ್ತದೆ, ತನ್ನ ಭಾರ ತಡೆಯದ ಕೊಂಬೆಗೆ ಮರಿಯನ್ನು ಬಿಡುತ್ತದೆ.

ದಾಂಡೇಲಿ ಕಡೆಯ ನಮ್ಮ ಕರಡಿಗೆ ಗೆದ್ದಲು, ಇರುವೆ, ಜೇನು ಸಿಕ್ಕರೆ ಸಾಕು. ಯೊಸೆಮಿಟಿಯ ಕಪ್ಪು ಕರಡಿಗೆ ಒಮ್ಮೆ ಮನುಷ್ಯರ ಊಟದ ರುಚಿ ಹತ್ತಿತೋ, ಮುಗೀತು, ಬಿಡುವುದಿಲ್ಲ. ಹಾಗೆ ಕೆಟ್ಟ ಕರಡಿಯನ್ನು ಕೆಲವೊಮ್ಮೆ ಕೊಂದೇ ಬಿಡುತ್ತಾರೆ.

ಕಾಡಲ್ಲಿ ರಾತ್ರಿ ತಂಗಲು ಪರ್ಮಿಟ್ ಬೇಕು. ಅದನ್ನು ತಗೊಳ್ಳುವ ಕಡೆಯೇ ಗಟ್ಟಿ ಬೇರ್ ಕ್ಯಾನಿಸ್ಟರ್, ಅಂದರೆ ಕರಡಿಗೆ ತೆರೆಯಲಾಗದ ಊಟದ ಡಬ್ಬಿ, ಬಾಡಿಗೆಗೂ ಸಿಗುತ್ತದೆ, ಒಂದೇ ಪ್ರವಾಸಕ್ಕೆ ಸುಮ್ನೆ ಕೊಳ್ಳಬೇಡಿ. ಕೊಳ್ಳುವುದೇ ಆದರೆ ಬೇರ್‌ವಾಲ್ಟ್ ಬಿವಿ500 ತುಂಬಾ ಜನ ಒಯ್ಯುವ ಡಬ್ಬಿ: 11.5 ಲೀಟರ್, ಖಾಲಿ ಇದ್ದಾಗಲೇ ಒಂದು ಕೆಜಿಗಿಂತ ಜಾಸ್ತಿ ತೂಕ. ಅದರ ಮುಚ್ಚಳದಲ್ಲಿ ಎರಡು ಗುಬುಟುಗಳಿವೆ. ಡಬ್ಬಿಯ ಅಂಚಿನ ತಡೆಯನ್ನು ಎರಡೂ ದಾಟುವ ತನಕ ತಿರುಗಿಸಿ, ಒಂದಕ್ಕೇ ನಿಲ್ಲಿಸಿದರೆ ಮುಚ್ಚಿದ ಹಾಗಲ್ಲ. ಬೆಳಗಿನ ಚಳಿಗೆ ಬೆರಳು ಮರಗಟ್ಟಿ ತೆಗೆಯಲು ಬಾರದಿದ್ದರೆ ಗುಬುಟಿನ ಹತ್ತಿರ ಸಂದಿಗೆ ಬ್ಯಾಂಕ್ ಕಾರ್ಡ್ ತೂರಿಸಿ ತಿರುಗಿಸಿ.

ಒಳಗೆ ಏನೇನು? ವಾಸನೆ ಇರುವುದೆಲ್ಲ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಕಸ ಕೂಡ. ಮೊದಲ ಸಲ ನಾನು ಊಟವನ್ನೆಲ್ಲ ಸರಿಯಾಗಿ ತುಂಬಿ, ಗಂಧದ ಸೋಪನ್ನು ಬ್ಯಾಗಿನ ಪಕ್ಕದ ಜೇಬಲ್ಲೇ ಮರೆತಿದ್ದೆ. ಬೆಳಿಗ್ಗೆ ನೋಡಿದರೆ ಜೇಬು ಹರಿದಿತ್ತು, ಸೋಪಿನ ಮೇಲೆ ಹಲ್ಲಿನ ಗುರುತು. ಕರಡಿಯೋ ಅಳಿಲೋ ಗೊತ್ತಿಲ್ಲ, ಆದರೆ ಆಮೇಲೆ ನಿದ್ದೆ ಬರಲಿಲ್ಲ.

ರಾತ್ರಿ ಡಬ್ಬಿಯನ್ನು ಟೆಂಟಿನೊಳಗೆ ಇಡಬೇಡಿ. ಒಂದು ಮೂವತ್ತು ಮೀಟರ್ ದೂರದಲ್ಲಿ, ಸಮತಟ್ಟಾದ ನೆಲದ ಮೇಲೆ ಇಡಿ. ಪ್ರಪಾತ, ಹೊಳೆ ಹತ್ತಿರ ಬೇಡ, ಕರಡಿ ಉರುಳಿಸಿದರೆ ಹೋಯಿತು. ಹಗ್ಗವನ್ನೂ ಕಟ್ಟಬೇಡಿ, ಎಳೆದುಕೊಂಡು ಹೋಗಲು ಅದೇ ಹಿಡಿಕೆಯಾಗುತ್ತದೆ.

ಯೊಸೆಮಿಟಿಯಿಂದ ಹೊರಡುವ ಸುಮಾರು 340 ಕಿಲೋಮೀಟರಿನ ಕಾಲುದಾರಿ ಜಾನ್ ಮ್ಯೂರ್ ಟ್ರೇಲ್ ನಡೆಯುವವರಿಗೆ ಡಬ್ಬಿಯೊಳಗಿನ ಜಾಗದ್ದೇ ತಲೆನೋವು. ಮಂಡಕ್ಕಿ ಮರೆತುಬಿಡಿ, ಅರ್ಧ ಡಬ್ಬಿ ಗಾಳಿಯೇ ತುಂಬುತ್ತದೆ. ಹುರಿದ ಅವಲಕ್ಕಿಯನ್ನು ಒತ್ತಿ ತುಂಬಿ, ತೊಡೆದೇವನ್ನು ಪುಡಿ ಮಾಡಿ. ಅಪ್ಪೆಮಿಡಿಯ ಘಮ ನಮಗೇ ಅಷ್ಟು ದೂರ ಬರುತ್ತದೆ, ಕರಡಿಗೆ ಕೇಳಬೇಕಾ? ಚಿಕ್ಕ ಬಾಟಲಿಯಲ್ಲಿ ಹಾಕಿ ಅದನ್ನೂ ಡಬ್ಬಿಯೊಳಗೇ ಇಡಿ.

ಇನ್ನು ಕಾರು. ಕತ್ತಲಾದ ಮೇಲೆ ಅದರಲ್ಲಿ ಊಟದ ಸಾಮಾನು ಬಿಡುವಂತಿಲ್ಲ, ಕರಡಿ ಬಾಗಿಲನ್ನೇ ಕಿತ್ತು ಹಾಕುತ್ತದೆ. ಕಾಲುದಾರಿ ಶುರುವಾಗುವಲ್ಲಿ ಕಬ್ಬಿಣದ ಪೆಟ್ಟಿಗೆಗಳಿರುತ್ತವೆ, ಉಳಿದದ್ದನ್ನು ಅಲ್ಲಿಡಿ. ನಿಯಮ ಮುರಿದರೆ ದಂಡ 5,000 ಡಾಲರ್‌ವರೆಗೂ ಹೋಗಬಹುದು. ಸೀಟಿನ ಕೆಳಗೆ ಬಿದ್ದ ಚಕ್ಕುಲಿ ಚೂರನ್ನೂ ಗುಡಿಸಿಬಿಡಿ.