ಕುಸ್ಕೋದ ಇಂತಿ ರೈಮಿ ನೋಡಲು ಹೋಗುವವರಿಗೆ

ಇಂತಿ ರೈಮಿ, ಅಂದರೆ ದಕ್ಷಿಣ ಅಮೆರಿಕದ ಪೆರುವನ್ನು ಹಿಂದೆ ಆಳಿದ ಇಂಕಾ ಜನರ ಸೂರ್ಯನ ಹಬ್ಬ ನೋಡಬೇಕು ಅನ್ನುವವರು ಮೊದಲು ಕೇಳುವುದು ಟಿಕೆಟ್ ಬಗ್ಗೆ. ಟಿಕೆಟ್ ಆಮೇಲೆ ನೋಡೋಣ, ಮೊದಲು ಉಸಿರಿನ ವಿಷಯ. ಪೆರುವಿನ ಕುಸ್ಕೋ ನಗರ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ಹಬ್ಬದ ದೊಡ್ಡ ಭಾಗ ನಡೆಯುವ ಹಳೇ ಇಂಕಾ ಕೋಟೆ ಸಾಕ್ಸಾಯ್‌ವಾಮಾನ್ ಅದಕ್ಕಿಂತಲೂ ಮೇಲೆ. ಹಬ್ಬ ಜೂನ್ 24ಕ್ಕೆ. 23ರ ಸಂಜೆ ಬಂದಿಳಿದರೆ ಮಾರನೇ ದಿನ ತಲೆನೋವು, ವಾಕರಿಕೆಯಲ್ಲೇ ಕಳೆದುಹೋಗಬಹುದು.

ನನ್ನನ್ನು ಕೇಳಿದರೆ, ವಿಮಾನ ಇಳಿದವರು ಕುಸ್ಕೋದಲ್ಲಿ ನಿಲ್ಲದೆ ನೇರವಾಗಿ ಉರುಬಾಂಬಾ ಕಣಿವೆಗೆ ಹೋಗಿಬಿಡಬೇಕು. ಅದು ಕುಸ್ಕೋಗಿಂತ ಐನೂರು ಮೀಟರಿನಷ್ಟು ಕೆಳಗಿದೆ. ಎರಡು ರಾತ್ರಿ ಅಲ್ಲಿ ಮಲಗಿ, ಆಮೇಲೆ ಮೇಲೆ ಬನ್ನಿ. ಮೊದಲ ದಿನ ಹೊಟ್ಟೆ ಬಿರಿಯ ಊಟ ಬೇಡ, ಮದ್ಯ ಬೇಡ. ಕೋಕಾ ಎಲೆಯ ಚಹಾ ಎಲ್ಲಾ ಹೋಟೆಲಲ್ಲೂ ಕೊಡುತ್ತಾರೆ, ಕುಡಿಯಿರಿ. ಆದರೆ ಆ ಎಲೆಯನ್ನು ಬ್ಯಾಗಿಗೆ ಹಾಕಿಕೊಂಡು ದೇಶದ ಗಡಿ ದಾಟಬೇಡಿ, ಬಹಳಷ್ಟು ದೇಶಗಳಲ್ಲಿ ಅದು ಅಪರಾಧ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ.

ಎರಡನೇ ತಯಾರಿ ಕಥೆ ತಿಳಿದುಕೊಳ್ಳುವುದು. ಇದನ್ನು ಜನ ಬಿಟ್ಟುಬಿಡುತ್ತಾರೆ. ಅಲ್ಲಿ ಪಾತ್ರಧಾರಿಗಳ ಮಾತೆಲ್ಲಾ ಕೆಚುವಾ ಭಾಷೆಯಲ್ಲಿ. ಏನು ನಡೆಯುತ್ತಿದೆ ಅಂತ ಗೊತ್ತಿಲ್ಲದಿದ್ದರೆ ಬರೀ ಬಣ್ಣದ ಮೆರವಣಿಗೆ ಅನ್ನಿಸಿ, ಅರ್ಧಕ್ಕೇ ಬೇಸರ ಬರುತ್ತದೆ. ಸ್ಪೇನಿನವರು 1572ರಲ್ಲಿ ಈ ಹಬ್ಬವನ್ನು ನಿಷೇಧಿಸಿದರು. ಇಂದಿನ ರೂಪದಲ್ಲಿ ಮತ್ತೆ ಶುರುವಾಗಿದ್ದು 1944ರಲ್ಲಿ, ಕುಸ್ಕೋದವರೇ ಕೂಡಿ ಮಾಡಿದ್ದು. ಇಂಕಾ ತಾಯಿಯ ಮಗನಾದ ಗಾರ್ಸಿಲಾಸೊ ಬರೆದಿಟ್ಟ ವರ್ಣನೆ ಅವರಿಗೆ ಆಧಾರವಾಯಿತು. ಹಾಗಾಗಿ ನೀವು ನೋಡುವುದು ನಾಟಕವೇ. ಆದರೆ ಪಕ್ಕದಲ್ಲಿ ನಿಂತ ಅಜ್ಜಿಯ ಮುಖ ನೋಡಿ. ಆಕೆಗೆ ಅದು ಸುಮ್ನೆ ನಾಟಕ ಅಲ್ಲ.

ಬೆಳಿಗ್ಗೆ 9ರ ಸುಮಾರಿಗೆ ಕೊರಿಕಾಂಚಾದಲ್ಲಿ ಶುರು. ಇದು ಇಂಕಾಗಳ ಸೂರ್ಯ ದೇವಾಲಯ. ಅದರ ಮೇಲೇ ಸ್ಪೇನಿನವರು ಸಾಂತೊ ದೊಮಿಂಗೊ ಮಠ ಕಟ್ಟಿದ್ದಾರೆ. ಎಲ್ ಸೋಲ್ ರಸ್ತೆಯಲ್ಲಿ ನಿಂತರೆ ಕೆಳಗೆ ಹುಲ್ಲಿನ ತೋಟ, ಮೇಲೆ ಬಾಗಿದ ಕಪ್ಪು ಕಲ್ಲಿನ ಗೋಡೆ ಕಾಣುತ್ತದೆ. ಗಾರೆ ಇಲ್ಲದೆ ಕೂಡಿಸಿದ ಕಲ್ಲು, ನಡುವೆ ಸಂದು ಹುಡುಕಬೇಕು. ಶಂಖ ಊದುತ್ತಾರೆ. ಇಂಕಾ ರಾಜ ಬಂದು ಎರಡೂ ಕೈ ಚಾಚಿ ಸೂರ್ಯನನ್ನು ಕರೆಯುತ್ತಾನೆ. ರಸ್ತೆಯಿಂದ ನೋಡಲು ದುಡ್ಡು ಕೊಡಬೇಕಿಲ್ಲ. ನನಗೆ ಇಡೀ ದಿನದಲ್ಲಿ ಜಾಸ್ತಿ ಹಿಡಿಸಿದ್ದು ಇದೇ. ಟೂರ್ ಕಂಪನಿಗಳು ಇದನ್ನು ಹಾರಿಸಿ ನೇರ ಮೇಲೆ ಕರೆದುಕೊಂಡು ಹೋಗುವುದುಂಟು, ಮೊದಲೇ ಕೇಳಿಕೊಳ್ಳಿ. ಒಳ್ಳೆ ಜಾಗ ಬೇಕಿದ್ದರೆ 7 ಗಂಟೆಗೇ ಹೋಗಿ ನಿಲ್ಲಿ.

ಆಮೇಲೆ ಮೆರವಣಿಗೆ ಮುಖ್ಯ ಚೌಕ ಪ್ಲಾಸಾ ದೆ ಅರ್ಮಾಸ್‌ಗೆ ಬರುತ್ತದೆ. ಅಲ್ಲಿ ಇಂಕಾ ರಾಜನ ಪಾತ್ರಧಾರಿ ಮತ್ತು ಈಗಿನ ಮೇಯರ್ ಮುಖಾಮುಖಿಯಾಗುತ್ತಾರೆ. ನೂಕುನುಗ್ಗಲು ವಿಪರೀತ. ಫೋನು, ಪರ್ಸು ಒಳಜೇಬಿನಲ್ಲಿರಲಿ. ನೀವು ಸಾಕ್ಸಾಯ್‌ವಾಮಾನ್‌ಗೆ ಹೋಗುವುದಾದರೆ ಇಲ್ಲಿ ಕೊನೆವರೆಗೂ ನಿಲ್ಲಬೇಡಿ. ರಸ್ತೆಗಳನ್ನು ಮುಚ್ಚಿರುತ್ತಾರೆ, ಕಲ್ಲು ಹಾಸಿನ ಏರುದಾರಿಯಲ್ಲಿ ನಡೆದೇ ಹತ್ತಬೇಕು. ಆ ಎತ್ತರದಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು ಸಹಜ. ಒಂದು ಗಂಟೆ ಇಟ್ಟುಕೊಳ್ಳಿ.

ಮೇಲೆ ನಡೆಯುವುದು ಮಧ್ಯಾಹ್ನದ ದೊಡ್ಡ ಆಚರಣೆ. ಸಾಮ್ರಾಜ್ಯದ ನಾಲ್ಕು ದಿಕ್ಕಿನ ದಂಡುಗಳು ಬೇರೆ ಬೇರೆ ಬಣ್ಣದ ಉಡುಪಿನಲ್ಲಿ ಬರುತ್ತವೆ. ರಾಜನನ್ನು ಪಲ್ಲಕ್ಕಿಯಲ್ಲಿ ಹೊತ್ತು ತರುತ್ತಾರೆ. ಸೂರ್ಯನಿಗೆ ಮೆಕ್ಕೆಜೋಳದ ಮದ್ಯ ಚಿಚಾ ಅರ್ಪಿಸುತ್ತಾರೆ, ಬೆಂಕಿ ಹೊತ್ತಿಸುತ್ತಾರೆ. ಒಂಟೆ ಜಾತಿಯ ಪ್ರಾಣಿ ಲಾಮಾದ ಬಲಿಯೂ ಇದೆ. ಗಾಬರಿ ಬೇಡ, ಅದು ಅಭಿನಯ ಮಾತ್ರ, ಪ್ರಾಣಿಯನ್ನು ಕೊಲ್ಲುವುದಿಲ್ಲ. ಮಕ್ಕಳಿದ್ದರೆ ಮೊದಲೇ ಹೇಳಿಟ್ಟಿರಿ.

ಈಗ ಟಿಕೆಟ್. ಸಾಕ್ಸಾಯ್‌ವಾಮಾನ್‌ನ ಸಾಲು ಕುರ್ಚಿಗಳಿಗೆ ದುಡ್ಡು ಕೊಡಬೇಕು, ಅದೂ ಜಾಸ್ತಿಯೇ. ತಿಂಗಳುಗಳ ಮುಂಚೆ ಕೊಳ್ಳಿ, ಹೋಟೆಲನ್ನೂ ಆಗಲೇ ಹಿಡಿದಿಡಿ. ಜೂನ್ ಪೂರ್ತಿ ಕುಸ್ಕೋದಲ್ಲಿ ಹಬ್ಬವೇ. ದುಡ್ಡು ಕಡಿಮೆ ಇದ್ದರೆ ಸುತ್ತಲಿನ ಗುಡ್ಡ ಇದ್ದೇ ಇದೆ. ಸ್ಥಳೀಯರು ಸಂಸಾರ ಸಮೇತ ಬೆಳಿಗ್ಗೆಯೇ ಬಂದು ಕಂಬಳಿ ಹಾಸಿರುತ್ತಾರೆ. ದೂರದಿಂದ ಕಾಣುತ್ತದೆ, ಮಾತು ಅಷ್ಟಾಗಿ ಕೇಳುವುದಿಲ್ಲ. ಆದರೆ ಹುವಾತಿಯಾ ಮಾಡುವುದನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಒಣ ಮಣ್ಣಿನ ಹೆಂಟೆಗಳನ್ನು ಗೂಡಿನ ಹಾಗೆ ಪೇರಿಸಿ ಒಳಗೆ ಬೆಂಕಿ ಹಾಕುತ್ತಾರೆ. ಹೆಂಟೆ ಚೆನ್ನಾಗಿ ಕಾದ ಮೇಲೆ ಆಲೂಗಡ್ಡೆ ಒಳಗಿಟ್ಟು, ಗೂಡನ್ನು ಅದರ ಮೇಲೇ ಕುಸಿಯುವಂತೆ ಒಡೆಯುತ್ತಾರೆ. ಬೆಂದ ಮೇಲೆ ಕೆದಕಿ ತೆಗೆದು, ಸಿಪ್ಪೆ ಸುಲಿದು, ಚೀಸ್ ಮತ್ತು ಖಾರದ ಜೊತೆ ತಿನ್ನುವುದು. ಯಾರಾದರೂ ಕೊಟ್ಟರೆ ಬೇಡ ಅನ್ನಬೇಡಿ.

ಬಟ್ಟೆ ಪದರ ಪದರವಾಗಿ ಇರಲಿ. ಅಲ್ಲಿ ಜೂನ್ ಅಂದರೆ ಚಳಿಗಾಲ, ನಸುಕಿನಲ್ಲಿ ಕೈ ಮರಗಟ್ಟುತ್ತದೆ. ಮಧ್ಯಾಹ್ನ ಬಿಸಿಲು ಚರ್ಮ ಸುಡುತ್ತದೆ. ಟೋಪಿ, ಸನ್‌ಸ್ಕ್ರೀನ್, ನೀರು ಬೇಕೇ ಬೇಕು. ಕೊಡೆ ಬಿಚ್ಚಬೇಡಿ, ಹಿಂದಿನವರಿಗೆ ಏನೂ ಕಾಣುವುದಿಲ್ಲ ಅಲ್ವಾ? ಬೀದಿಯಲ್ಲಿ ಲಾಮಾ ಹಿಡಿದು ನಿಂತ ಹೆಂಗಸರ ಫೋಟೊ ತೆಗೆಯುವ ಮುಂಚೆ ಕೇಳಿ, ಎಷ್ಟು ಸೋಲ್ (ಪೆರುವಿನ ಹಣ) ಅಂತ ಮಾತಾಡಿಕೊಳ್ಳಿ. ಅದು ಅವರ ದುಡಿಮೆ. ಚಿಲ್ಲರೆ ಇಟ್ಟುಕೊಂಡಿರಿ.

ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಟ್ಯಾಕ್ಸಿ ಹುಡುಕುತ್ತಾ ನಿಲ್ಲುವ ಬದಲು ಸ್ವೆಟರ್ ಹಾಕಿಕೊಂಡು ಬೆಳಕಿರುವಾಗಲೇ ನಡೆದು ಇಳಿಯಿರಿ. ಬೆಟ್ಟದ ಮೇಲಿನ ಹಳೇ ಇಂಕಾ ಊರು ಮಾಚು ಪಿಚುಗೆ ಮಾರನೇ ದಿನವೇ ರೈಲು ಹಿಡಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಒಂದು ದಿನ ಬಿಟ್ಟು ಬುಕ್ ಮಾಡಿ, 25ಕ್ಕೆ ಕಾಲು ಏಳುವುದಿಲ್ಲ.