ಎಲ್ಲರಿಗೂ ಗೊತ್ತು, ಯಾರೂ ಹೇಳಲ್ಲ: ಇಂಥ ಗುಟ್ಟನ್ನು ಬಿಚ್ಚುವುದು ಹೇಗೆ

ಯಾವ ಆಫೀಸಿಗೆ ಹೋದರೂ, ಯಾವ ಸಂಘಕ್ಕೆ ಸೇರಿದರೂ ಇಂಥದ್ದೊಂದು ಇದ್ದೇ ಇರುತ್ತದೆ. ಖರ್ಚಿನ ಬಿಲ್ ಉಬ್ಬಿಸುವವರು ಯಾರು, ಮ್ಯಾನೇಜರ್ ಹೆಸರಲ್ಲಿ ಹೋಗುವ ರಿಪೋರ್ಟ್ ನಿಜಕ್ಕೂ ಯಾರ ಕೈಯದು, ಯಾರ ಜೊತೆ ಒಬ್ಬರೇ ಲೇಟಾಗಿ ಕೂರಬಾರದು, ಎಲ್ಲವೂ ಎಲ್ಲರಿಗೂ ಗೊತ್ತು. ಆದರೂ ವರ್ಷಗಟ್ಟಲೆ ಹಾಗೇ ನಡೆದುಕೊಂಡು ಹೋಗುತ್ತದೆ. ಯಾಕೆ? ನಾನು ಬಾಯಿಬಿಟ್ಟರೆ ಮಿಕ್ಕವರು ಜೊತೆಗೆ ನಿಲ್ಲುತ್ತಾರಾ, ಇಲ್ಲ ನೆಲ ನೋಡುತ್ತಾ ಕೂರುತ್ತಾರಾ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಸುಮ್ನೆ ಯಾಕೆ ನಿಷ್ಠುರ ಕಟ್ಟಿಕೊಳ್ಳೋದು ಅಂತ ಪ್ರತಿಯೊಬ್ಬರೂ ಬೇರೆಬೇರೆಯಾಗಿ ಲೆಕ್ಕ ಹಾಕುತ್ತಾರೆ, ಆ ಲೆಕ್ಕಗಳೆಲ್ಲ ಸೇರಿ ಒಂದು ದೊಡ್ಡ ಮೌನ ಆಗುತ್ತದೆ.

1968ರಲ್ಲಿ ಬಿಬ್ ಲಾಟಾನೆ ಮತ್ತು ಜಾನ್ ಡಾರ್ಲಿ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಕೋಣೆಯಲ್ಲಿ ಕೂತು ಫಾರಂ ತುಂಬುವವರ ಕಡೆಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬರೇ ಇದ್ದಾಗ 100ಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಏನೂ ಆಗಿಲ್ಲ ಅನ್ನುವ ಹಾಗೆ ನಟಿಸುವ ಇಬ್ಬರನ್ನು ಪಕ್ಕದಲ್ಲಿ ಕೂರಿಸಿದಾಗ ತಿಳಿಸಿದವರು 100ಕ್ಕೆ 10 ಮಾತ್ರ. ಕಣ್ಣೆದುರೇ ಹೊಗೆ ಇದ್ದರೂ ಜನ ನೋಡಿದ್ದು ಪಕ್ಕದವರ ಮುಖವನ್ನು. ಆದ್ದರಿಂದ ಇನ್ನಷ್ಟು ಸಾಕ್ಷಿ ಸಿಗಲಿ ಅಂತ ಕಾಯುತ್ತಾ ಕೂರಬೇಡಿ, ಸಾಕ್ಷಿ ಬೇಕಾದಷ್ಟಿರುತ್ತದೆ. ಮೊದಲು ಬದಲಾಗಬೇಕಾದ್ದು ಪಕ್ಕದವರ ಮುಖ.

ಅದಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಗುಟ್ಟಿನಿಂದ ಯಾರಿಗೆ ನಷ್ಟ? ಯಾರದೋ ಕಾಯಿಲೆ, ಯಾರದೋ ಮನೆಯ ಜಗಳ, ಮುರಿದ ಮದುವೆ, ಇವೆಲ್ಲ ಎಲ್ಲರಿಗೂ ಗೊತ್ತಿದ್ದರೂ ಸುಮ್ಮನಿರುವುದು ಮರ್ಯಾದೆ. ಅಲ್ಲಿ ಕೈ ಹಾಕಬೇಡಿ. ಯಾರದೋ ದುಡ್ಡು, ದುಡಿಮೆ, ನೆಮ್ಮದಿ, ಜೀವ ಹೋಗುತ್ತಿದ್ದರೆ ಮಾತ್ರ ಮುಂದೆ ಓದಿ.

ಗುಟ್ಟಿನ ಬೇರು ಎಲ್ಲಿದೆ ಅಂತ ತಿಳಿಯಬೇಕಾದರೆ ಹೊಸಬರು ಸೇರಿದ ಮೊದಲ ವಾರ ನೋಡಿ. ಟೀ ಕುಡಿಯುವಾಗ ಹಳಬರೊಬ್ಬರು ಪಕ್ಕಕ್ಕೆ ಕರೆದು ಹೇಳುತ್ತಾರೆ: "ಆ ಚೆಕ್‌ಲಿಸ್ಟ್ ತಲೆ ಕೆಡಿಸ್ಕೋಬೇಡಿ, ಸಂಜೆ ಎಲ್ಲಾ ಒಟ್ಟಿಗೆ ಟಿಕ್ ಹಾಕಿದ್ರೆ ಆಯ್ತು. ಇಲ್ಲಿ ಅದೆಲ್ಲ ಹೀಗೇ." ಹೇಳುವವರು ಕೆಟ್ಟವರಲ್ಲ, ಪಾಪ, ಸಹಾಯ ಅಂತಲೇ ಹೇಳುತ್ತಿದ್ದಾರೆ. ಆದರೆ ಹೊಸಬರು ಆ ಸಂಜೆ ಟಿಕ್ ಹಾಕಿದ ಕೂಡಲೇ ಅವರೂ ಪಾಲುದಾರರು. ನಾಳೆ ಬಾಯಿಬಿಟ್ಟರೆ ತಮ್ಮ ಸಹಿಯೂ ಹೊರಗೆ ಬರುತ್ತದೆ. ಗುಟ್ಟು ಹಳತಾದಷ್ಟೂ ಗಟ್ಟಿಯಾಗುವುದು ಹೀಗೆ, ಅಲ್ವಾ?

ಈಗ ಕೆಲಸಕ್ಕೆ ಬನ್ನಿ. ಮೊದಲು ಒಬ್ಬೊಬ್ಬರ ಹತ್ತಿರ ಬೇರೆಯಾಗಿ ಮಾತಾಡಿ. "ಅವನು ಹಂಗಂತೆ, ಹಿಂಗಂತೆ" ಬೇಡ, ಅದು ಗುಸುಗುಸು, ಅದರಿಂದ ಮನಸ್ಸು ಹಗುರ ಆಗಬಹುದೇ ಹೊರತು ಏನೂ ಬದಲಾಗಲ್ಲ. "ನೀವು ಕಣ್ಣಾರೆ ಕಂಡದ್ದೇನು?" ಅಂತ ಕೇಳಿ. ಆಮೇಲೆ ಇನ್ನೊಂದು: "ಮೀಟಿಂಗ್‌ನಲ್ಲಿ ನಾನು ಈ ವಿಷಯ ಎತ್ತಿದರೆ, ಹೌದು ನಾನೂ ನೋಡಿದೀನಿ ಅಂತ ಹೇಳ್ತೀರಾ?" ಎರಡನೇ ಪ್ರಶ್ನೆಗೇ ಜಾಸ್ತಿ ಜನ ಹಿಂಜರಿಯುವುದು. ಒಬ್ಬರೋ ಇಬ್ಬರೋ ಹೂಂ ಅಂದರೆ ಸಾಕು.

ಆಮೇಲೆ ಬರೆಯಿರಿ. ತಾರೀಖು, ಏನಾಯಿತು, ಯಾರಿದ್ದರು, ಇಷ್ಟೇ. "ದರ್ಪ", "ಮೋಸ" ಅನ್ನುವ ಪದಗಳನ್ನೆಲ್ಲ ಬಿಟ್ಟುಬಿಡಿ. "40 ಐಟಮ್‌ಗಳಿಗೂ ಸಂಜೆ 5:40ಕ್ಕೇ ಟಿಕ್ ಬಿದ್ದಿದೆ, ಚೆಕ್ ಮಾಡಿದ್ದು ಯಾವಾಗ?" ಅನ್ನುವುದಕ್ಕಿಂತ ಚುರುಕಾದ ಆರೋಪ ಬೇಕಿಲ್ಲ.

ಬರೆದ ಮಾತ್ರಕ್ಕೆ ಕೆಲಸ ಆಗುತ್ತದೆ ಅಂತ ಗ್ಯಾರಂಟಿ ಇಲ್ಲ, ಇದನ್ನು ಮುಚ್ಚಿಡಬಾರದು. ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ರಾಕೆಟ್‌ಗಳ ಜೋಡಣೆಯಲ್ಲಿದ್ದ ರಬ್ಬರ್ ಉಂಗುರಗಳು ಸವೆಯುತ್ತಿವೆ ಅನ್ನುವುದು ಆ ಕೆಲಸದಲ್ಲಿದ್ದವರಿಗೆ ಗೊತ್ತಿತ್ತು. ರೋಜರ್ ಬಾಯ್ಸ್‌ಜೋಲಿ ಎಂಬ ಎಂಜಿನಿಯರ್ 1985ರ ಜುಲೈಯಲ್ಲೇ ಆ ರಾಕೆಟ್ ತಯಾರಿಸುತ್ತಿದ್ದ ತಮ್ಮ ಕಂಪನಿಗೆ ಬರೆದು ಎಚ್ಚರಿಸಿದ್ದರು. ಹಾರಾಟದ ಹಿಂದಿನ ರಾತ್ರಿ ಚಳಿ ಜಾಸ್ತಿ ಇದೆ, ಬೇಡ ಅಂತ ಎಂಜಿನಿಯರ್‌ಗಳು ವಾದಿಸಿದರೂ ಮೇಲಿನವರು ಒಪ್ಪಲಿಲ್ಲ. 1986ರ ಜನವರಿ 28ರಂದು ಹಾರಿದ ಸ್ವಲ್ಪ ಹೊತ್ತಿಗೇ ನೌಕೆ ಒಡೆದುಹೋಗಿ ಅದರಲ್ಲಿದ್ದ ಏಳು ಜನ ಸತ್ತರು. ಆದರೆ ತನಿಖೆಯ ಹೊತ್ತಿಗೆ ಆ ಪತ್ರ ಇತ್ತು. ನಮಗೆ ಯಾರೂ ಹೇಳಿರಲಿಲ್ಲ ಅನ್ನಲು ಕಂಪನಿಗೆ ಬಾಯಿ ಇರಲಿಲ್ಲ.

ಹೆಸರಿಲ್ಲದ ಪತ್ರದ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಏನು ಬರೆದಿದ್ದಾರೆ ಅನ್ನುವುದಕ್ಕಿಂತ ಯಾರು ಬರೆದರು ಅಂತ ಹುಡುಕುವುದರಲ್ಲೇ ಎಲ್ಲರೂ ಮುಳುಗುತ್ತಾರೆ. ವಾಟ್ಸಾಪ್ ಗ್ರೂಪ್‌ನಲ್ಲಂತೂ ಬೇಡವೇ ಬೇಡ, ಒಂದು ಸ್ಕ್ರೀನ್‌ಶಾಟ್ ಸಾಕು, ವಿಷಯ ಬಿಟ್ಟು ನಿಮ್ಮ ನಡತೆಯೇ ಚರ್ಚೆಗೆ ಬರುತ್ತದೆ. ಕಿರುಕುಳದ ವಿಷಯವಾದರೆ ಅದನ್ನು ಅನುಭವಿಸಿದವರನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಅವರ ನೋವು ನಿಮ್ಮ ಧೈರ್ಯ ತೋರಿಸುವ ಜಾಗ ಅಲ್ಲ. ಮೇಲಿನವರೇ ಪಾಲುದಾರರು ಅಂತ ಗೊತ್ತಿದ್ದರೆ ಮೀಟಿಂಗ್ ಬಿಟ್ಟು ನೇರ ವಕೀಲರ ಹತ್ತಿರವೋ ಹೊರಗಿನ ಅಧಿಕಾರಿಗಳ ಹತ್ತಿರವೋ ಹೋಗಿ.

ಮಾತು ಹೊರಬಿದ್ದ ಮೇಲೆ ವಿಚಿತ್ರ ಮಾತೊಂದು ಕೇಳಿಸುತ್ತದೆ: "ಅಯ್ಯೋ, ಇದು ಹೊಸದೇನಲ್ಲ, ನಮಗೆಲ್ಲ ಮೊದಲೇ ಗೊತ್ತಿತ್ತು." ವಿಷಯವನ್ನು ಮತ್ತೆ ಮುಚ್ಚುವ ಮಾತು ಇದೇ. ಬೇಜಾರು ಮಾಡಿಕೊಳ್ಳದೆ ಅದನ್ನೇ ಹಿಡಿದುಕೊಳ್ಳಿ: "ಹಾಗಾದರೆ ಎಲ್ಲರಿಗೂ ಗೊತ್ತು ಅಂತ ಬರೆದುಕೊಳ್ಳೋಣ, ಮುಂದೇನು ಮಾಡೋಣ?" ಅವತ್ತೇ ಸಂಜೆ ಮೇಲ್ ಕಳಿಸಿ. ಯಾರು, ಏನು, ಯಾವ ತಾರೀಖಿನೊಳಗೆ, ಇಷ್ಟಿರಲಿ. ಆ ತಾರೀಖಿನ ದಿನ ಬೆಳಗ್ಗೆ ಅದೇ ಮೇಲ್‌ಗೆ ರಿಪ್ಲೈ ಹಾಕಿ, ಎಲ್ಲಿಗೆ ಬಂತು ಅಂತ ಕೇಳಿ.